‘ಔಷಧಿ’ಯನ್ನು ಪ್ರಶ್ನಿಸಿದ ರೇಚಲ್ ಕಾರ್ಸನ್

ಶಿಕಾರಿಪುರ, ಸೊರಬ ಕಡೆಯಿಂದ ಬಂದ ನಮಗೆ ಗದ್ದೆಗೆ, ಶುಂಠಿಗೆ ಹೊಡೆಯೋ ವಿಷದ ಹೆಸರೇ ‘ಔಷಧಿ’. ಅದು ನಿಜಕ್ಕೂ ಔಷಧಿನಾ ಅಂತ ಜಗತ್ತೇ ಕೇಳೋ ಹಾಗೆ ಮಾಡಿದವರು ರೇಚಲ್ ಕಾರ್ಸನ್.

1907ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಅವರು ಜೀವಶಾಸ್ತ್ರ ಓದಿ, ಸಮುದ್ರದ ಬಗ್ಗೆ ಬರೆದು ಹೆಸರಾದರು. 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕ ಬಂತು. ಡಿಡಿಟಿಯಂಥ ಕೀಟನಾಶಕಗಳು ಹಕ್ಕಿಗಳನ್ನಷ್ಟೇ ಅಲ್ಲ, ನಮ್ಮನ್ನೂ ಬಿಡಲ್ಲ ಅಂದರು. ಇವು ಲಿವರ್ ಕೆಡಿಸಿದರೆ ದೇಹದಲ್ಲಿ ಈಸ್ಟ್ರೋಜನ್ ಹೆಚ್ಚಿ ಕ್ಯಾನ್ಸರ್‌ಗೆ ದಾರಿಯಾಗಬಹುದು ಅನ್ನೋ ಅನುಮಾನವೂ ಅದರಲ್ಲಿತ್ತು. ಕೀಟನಾಶಕ ಕಂಪನಿಗಳು ಅವರ ಮೇಲೆ ಮುಗಿಬಿದ್ದವು.

ಆಗ ಅವರಿಗೇ ಸ್ತನ ಕ್ಯಾನ್ಸರ್ ಇತ್ತು. ಸ್ವಂತ ನೋವಿಗೆ ಬರೆದಿದ್ದಾರೆ ಅಂತ ಯಾರೂ ತಳ್ಳಿಹಾಕಬಾರದೆಂದು ಅದನ್ನ ಮುಚ್ಚಿಟ್ಟರು. 1963ರಲ್ಲಿ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಮಿತಿ ಅವರ ಮಾತನ್ನು ಬಹುಮಟ್ಟಿಗೆ ಒಪ್ಪಿತು. ಮರುವರ್ಷ, 56ನೇ ವಯಸ್ಸಿಗೆ ತೀರಿಕೊಂಡರು. ಅಮೆರಿಕ ಡಿಡಿಟಿ ನಿಷೇಧಿಸಿದ್ದು 1972ರಲ್ಲಿ.

ಡಿಡಿಟಿಯ ಒಂದು ರೂಪ, ಬೀಗಕ್ಕೆ ನಕಲಿ ಕೀ ಕೂತ ಹಾಗೆ, ನೇರವಾಗಿ ಈಸ್ಟ್ರೋಜನ್ ರಿಸೆಪ್ಟರ್‌ಗೇ ಅಂಟಿಕೊಳ್ಳುತ್ತೆ ಅಂತ ಗೊತ್ತಾಗಿದ್ದು ಅವರು ಹೋದ ಮೇಲೆ.

ಊರಲ್ಲಿ ಔಷಧಿ ಡಬ್ಬದ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ನೋಡಿರ್ತೀವಿ. ಅದು ತಕ್ಷಣ ಎಷ್ಟು ವಿಷ ಅಂತಷ್ಟೇ ಹೇಳುತ್ತೆ. ಹಾರ್ಮೋನಿನ ಕಥೆ ಹೇಳಲ್ಲ. ಅದನ್ನ ಅಪ್ಪನಿಗೆ ನಾವೇ ಹೇಳಬೇಕು.