ನೋವಿನ ಮದ್ದನ್ನು ತೂಕಕ್ಕೆ ತಂದ ಕಾಂಪೌಂಡರ್

ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಜೀವನ ಬರೆದುಕೊಡಬೇಕೆಂದು ಗುರುಗಳು ಕೇಳಿದಾಗ, ಮಡಿವಾಳ ಮಾಚಿದೇವರ ಊರಿನವನಾದ ನಾನು ಶರಣರ ಬಗ್ಗೆಯೇ ಬರೆಯುವೆನೆಂದು ಗೆಳೆಯರು ಎಣಿಸಿದ್ದರು. ಅದಕ್ಕೆ ನನಗಿಂತ ಬಲ್ಲವರು ದೇವರ ಹಿಪ್ಪರಗಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಈ ಶಾಲೆಯಲ್ಲಿ ಕಲಿತು, ಸರಕಾರಿ ದವಾಖಾನೆಗಳಲ್ಲಿ ಔಷಧಿ ಕೊಡುತ್ತ ನಿವೃತ್ತನಾದವನು. ಜನರ ಬಾಯಲ್ಲಿ ಕಾಂಪೌಂಡರ್. ಹಾಗಾಗಿ ನನ್ನ ಕಸುಬಿನವನೇ ಆದ ಜರ್ಮನಿಯ ಫ್ರೀಡ್ರಿಶ್ ಸೆರ್ಟ್ಯೂರ್ನರನನ್ನು ಆರಿಸಿಕೊಂಡಿದ್ದೇನೆ.

ಆತ ಹುಟ್ಟಿದ್ದು 1783ರ ಜೂನ್ 19ರಂದು, ಪಾಡರ್‌ಬೋರ್ನ್ ಪಟ್ಟಣದ ಹತ್ತಿರದ ನೊಯ್‌ಹೌಸ್‌ನಲ್ಲಿ. ಹದಿನೈದರ ಹೊತ್ತಿಗೆ ತಂದೆ ತೀರಿಕೊಂಡ. ಹುಡುಗ ಪಾಡರ್‌ಬೋರ್ನಿನ ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯಲು ನಿಂತ. ವಿಶ್ವವಿದ್ಯಾಲಯದಲ್ಲಿ ಕಲಿಯುವ ಯೋಗ ಆತನಿಗಿರಲಿಲ್ಲ.

ಆಗ ಕಡುನೋವಿಗೆ ಇದ್ದ ದೊಡ್ಡ ಮದ್ದು ಅಫೀಮು. ನಾವು ಪಾಯಸಕ್ಕೆ ಹಾಕುವ ಗಸಗಸೆ ಇದೆಯಲ್ಲ, ಅದೇ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಒಂದು ಕಡೆಯ ಮಾಲು ಬಲು ಕಡಕ್, ಇನ್ನೊಂದು ಕಡೆಯದು ಸಪ್ಪೆ. ಒಂದೇ ಅಳತೆ ಕೊಟ್ಟರೂ ಒಬ್ಬನ ನೋವು ಇಳಿಯುತ್ತಿರಲಿಲ್ಲ, ಮತ್ತೊಬ್ಬನ ಉಸಿರೇ ನಿಲ್ಲುತ್ತಿತ್ತು. ತಕ್ಕಡಿ ಹಿಡಿದವನಿಗೆ ಇದಕ್ಕಿಂತ ದೊಡ್ಡ ಅಂಜಿಕೆ ಇಲ್ಲ.

ಸೆರ್ಟ್ಯೂರ್ನರ್ ಅಫೀಮಿನ ರಸಕ್ಕೆ ಅಮೋನಿಯ ಬೆರೆಸಿದ. ಹರಳುಗಳು ತಳಕ್ಕಿಳಿದವು. ಅವನ್ನು ಶುದ್ಧಮಾಡಿ ನಾಯಿಗಳಿಗೆ ತಿನ್ನಿಸಿದಾಗ ಅವಕ್ಕೆ ಮಂಪರು ಹತ್ತಿತು. ಅಫೀಮಿನ ಬಲವೆಲ್ಲ ಇದರಲ್ಲೇ ಇದೆ ಎಂದು 1805ರಲ್ಲಿ ಪತ್ರಿಕೆಗೆ ಬರೆದ. ಅಂಗಡಿ ಹುಡುಗನ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮುಂದೆ ಐನ್‌ಬೆಕ್‌ನಲ್ಲಿ ಸ್ವಂತ ಅಂಗಡಿ ಇಟ್ಟ. ಈ ಸಲ ತಾನೇ ಆ ಹರಳು ನುಂಗಿದ, ಮೂವರು ಹುಡುಗರಿಗೂ ಕೊಟ್ಟ. ಅರ್ಧ ಗ್ರೇನ್, ಅಂದರೆ ಸುಮಾರು 30 ಮಿಲಿಗ್ರಾಂ. ಮುಕ್ಕಾಲು ಗಂಟೆಯೊಳಗೆ ಮೂರು ಸಲ! ಇಂದು ವೈದ್ಯರು ಗುಳಿಗೆಯನ್ನು ಶುರುಮಾಡುವುದೇ 5-10 ಮಿಲಿಗ್ರಾಂನಿಂದ. ನಾಲ್ವರಿಗೂ ವಿಷವೇರಿತು, ವಿನೆಗರ್ ಕುಡಿದು ವಾಂತಿ ಮಾಡಿ ಬದುಕಿಕೊಂಡರು. ಹುಡುಗರ ಮೇಲೆ ಹೀಗೆ ಪ್ರಯೋಗ ಮಾಡಿದ್ದು ನನಗಂತೂ ಒಪ್ಪಿಗೆಯಿಲ್ಲ. ಆದರೆ 1817ರಲ್ಲಿ ಇದನ್ನೆಲ್ಲ ಪ್ರಕಟಿಸಿದಾಗ ಪ್ಯಾರಿಸಿನ ಗೇ-ಲುಸಾಕ್‌ನಂಥ ರಸಾಯನ ವಿಜ್ಞಾನಿ ಕಣ್ಣು ತೆರೆದು ನೋಡಿದ. ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರಿಂದ ಆ ಹರಳಿಗೆ ಮಾರ್ಫಿಯಂ ಎಂದು ಹೆಸರಾಯಿತು. ಅದೇ ನಮ್ಮ ಮಾರ್ಫಿನ್. 1831ರಲ್ಲಿ ಪ್ಯಾರಿಸಿನಿಂದ 2000 ಫ್ರಾಂಕ್ ಬಹುಮಾನ ಬಂತು. ಹಾಮೆಲ್ನ್ ಊರಲ್ಲಿ ಅಂಗಡಿ ನಡೆಸುತ್ತಲೇ 1841ರ ಫೆಬ್ರವರಿ 20ರಂದು ತೀರಿಕೊಂಡ.

ಹರಳು ದೇಹದಲ್ಲಿ ಎಲ್ಲಿ ಹೋಗಿ ಕೂಡುತ್ತದೆಂಬುದು ಆತನ ಕಾಲಕ್ಕೆ ತಿಳಿದಿರಲಿಲ್ಲ. 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ಅದೇ ವರ್ಷ ಇನ್ನೆರಡು ತಂಡಗಳವರು, ನರಕೋಶಗಳ ಮೇಲೆ ಅದಕ್ಕೆ ಗ್ರಾಹಕಗಳಿವೆಯೆಂದು ತೋರಿಸಿದರು. ಗ್ರಾಹಕವೆಂದರೆ ಕೀಲಿ, ಮದ್ದೆಂದರೆ ಕೀಲಿಕೈ. ಮುಖ್ಯ ಗ್ರಾಹಕದ ಹೆಸರು ಮ್ಯೂ. ಮಾರ್ಫಿನ್ನಿನ ಮೊದಲ ಅಕ್ಷರಕ್ಕೆ ಗ್ರೀಕರ ಹೆಸರದು. ಕಷ್ಟವೆಂದರೆ ಉಸಿರಾಟ ನಡೆಸುವ ಮಿದುಳಿನ ಭಾಗದಲ್ಲೂ ಇದೇ ಕೀಲಿ ಇದೆ. ನೋವು ತಗ್ಗಿಸಿ ಉಸಿರನ್ನು ಮುಟ್ಟದ, ಚಟ ಹತ್ತಿಸದ ಕೀಲಿಕೈಗಾಗಿ ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ. 2025ರ ಜನವರಿಯಲ್ಲಿ ಅಮೆರಿಕ ಒಪ್ಪಿದ ಸುಜೆಟ್ರಿಜಿನ್ ಈ ಕೀಲಿಯ ಗೊಡವೆಗೇ ಹೋಗುವುದಿಲ್ಲ. ನೋವಿನ ಸುದ್ದಿಯನ್ನು ನರದಲ್ಲೇ ತಡೆಯುತ್ತದೆ. ಆದರೆ ಅದಕ್ಕೆ ಒಪ್ಪಿಗೆ ಸಿಕ್ಕಿರುವುದು ಅಲ್ಪಕಾಲದ ತೀವ್ರ ನೋವಿಗಷ್ಟೇ.

ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಮಾರ್ಫಿನ್ ಗುಳಿಗೆ ಇಡುವುದೇ ದವಾಖಾನೆಗಳಿಗೆ ತಲೆನೋವಾಯಿತು. ಬಾಯಿ ಕ್ಯಾನ್ಸರಿನ ಮುದುಕರೊಬ್ಬರು ಗುಳಿಗೆ ಕೇಳಿ ನನ್ನ ಕಿಟಕಿಯ ಮುಂದೆ ನಿಂತದ್ದುಂಟು. ಕಪಾಟಿನಲ್ಲಿ ಪ್ಯಾರಸಿಟಮಾಲ್ ಬಿಟ್ಟು ಬೇರೇನೂ ಇರಲಿಲ್ಲ. 2014ರ ತಿದ್ದುಪಡಿ ಲೈಸೆನ್ಸಿನ ಗೋಜನ್ನು ಕಡಿಮೆ ಮಾಡಿತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಕಡೆ ಗುಳಿಗೆ ಸಿಗುತ್ತದೆ. ನಮ್ಮೂರಿನಿಂದ ಅದು ಒಂದು ರಾತ್ರಿಯ ಬಸ್ಸಿನ ದಾರಿ.