ಕಡಲ ಆಪದ್ಬಂಧು ಹೆನ್ರಿ ಬ್ಲಾಗ್

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಕ್ರೋಮರ್ ಎಂಬ ಚಿಕ್ಕ ಊರಿದೆ. 1876ರಲ್ಲಿ ಹೆನ್ರಿ ಬ್ಲಾಗ್ ಅಲ್ಲಿ ಜನಿಸಿದನು. ಏಡಿ ಹಿಡಿಯುವುದು ಆತನ ಕಸುಬು. ಅಪಾಯಕ್ಕೆ ಸಿಲುಕಿದ ನಾವಿಕರನ್ನು ಉಳಿಸಲು ಆ ಊರಿನ ಬೆಸ್ತರು ಸ್ವಯಂಸೇವಕರಾಗಿ ಒಂದು ರಕ್ಷಣಾ ದೋಣಿಯನ್ನು ನಡೆಸುತ್ತಿದ್ದರು. ಬ್ಲಾಗ್ ಹದಿನೆಂಟನೆಯ ವಯಸ್ಸಿನಲ್ಲಿ ಆ ತಂಡವನ್ನು ಸೇರಿ, 1909ರಲ್ಲಿ ಅದರ ನಾಯಕನಾದನು. ಸೋಜಿಗವೆಂದರೆ, ಆತನಿಗೆ ಈಜು ಬರುತ್ತಿರಲಿಲ್ಲ.

1917ರ ಜನವರಿ 9. ಮೊದಲನೆಯ ಮಹಾಯುದ್ಧದ ಕಾಲ. ಊರಿನ ತರುಣರು ಯುದ್ಧಕ್ಕೆ ತೆರಳಿದ್ದರು. ತಂಡದಲ್ಲಿ ಉಳಿದವರಲ್ಲಿ ಹೆಚ್ಚಿನವರು ವಯಸ್ಸಾದವರು. ಅಂದು ಅವರು ಬಿರುಗಾಳಿಯಲ್ಲಿ ಹುಟ್ಟು ಹಾಕಿ, ಗ್ರೀಕ್ ಹಡಗೊಂದರಿಂದ 16 ಜನರನ್ನು ದಡಕ್ಕೆ ತಂದಿದ್ದರು. ಅವರ ದಣಿವು ಆರುವ ಮೊದಲೇ 'ಫರ್ನೆಬೋ' ಎಂಬ ಸ್ವೀಡನ್ನಿನ ಹಡಗು ಕಡಲಿನಲ್ಲಿ ಹುದುಗಿದ್ದ ಸಿಡಿಗುಂಡಿಗೆ ತಗುಲಿ ಎರಡು ಹೋಳಾಯಿತು. ಒಂದು ಹೋಳಿನಲ್ಲಿ 11 ಜನ ಸಿಕ್ಕಿಕೊಂಡರು.

ಕತ್ತಲೆ ಕವಿಯಿತು. ದಣಿದ ಆ ಮುದುಕರನ್ನು ಮತ್ತೆ ಹೋಗಿರೆಂದು ಒತ್ತಾಯಿಸುವವರು ಯಾರೂ ಇರಲಿಲ್ಲ. ಆದರೂ ಬ್ಲಾಗ್ ಹೊರಟನು, ಉಳಿದವರು ಹಿಂಬಾಲಿಸಿದರು. ಅಲೆಗಳು ದೋಣಿಯನ್ನು ದಡಕ್ಕೆ ನೂಕಿದವು. ಮತ್ತೊಮ್ಮೆ ಹೋದಾಗ ಹಲವು ಹುಟ್ಟುಗಳೇ ಮುರಿದುಹೋದವು. ಅವರು ಹಿಂದಿರುಗಿ, ಬೇರೆ ಹುಟ್ಟುಗಳನ್ನು ಹಿಡಿದು ಪುನಃ ಕಡಲಿಗಿಳಿದರು. ಶೋಧದೀಪದ ಬೆಳಕಿನಲ್ಲಿ ಹಡಗನ್ನು ತಲುಪಿ, ಅಷ್ಟೂ ಜನರನ್ನು ಉಳಿಸಿದರು. ಈ ಸಾಹಸಕ್ಕಾಗಿ ಬ್ಲಾಗ್‌ಗೆ ಸ್ವರ್ಣಪದಕ ದೊರೆಯಿತು. ಮುಂದೆ ಅಂತಹ ಇನ್ನೆರಡು ಪದಕಗಳು ಆತನಿಗೆ ಸಂದವು.

1947ರಲ್ಲಿ ನಿವೃತ್ತನಾಗುವ ವೇಳೆಗೆ ಬ್ಲಾಗ್ 387 ಬಾರಿ ರಕ್ಷಣೆಗೆ ಹೊರಟಿದ್ದನು. ಆತನೂ ಸಂಗಡಿಗರೂ ಉಳಿಸಿದ ಜೀವಗಳು 873. 1954ರಲ್ಲಿ ಬ್ಲಾಗ್ ನಿಧನನಾದನು. ಉಳಿದವರಲ್ಲಿ ಎಷ್ಟೋ ಮಂದಿ ಪರದೇಶದವರು. ಆತ ಹೆಸರನ್ನೂ ಅರಿಯದವರು. ಆಪತ್ತಿನಲ್ಲಿರುವವನು ಯಾರೆಂದು ಕೇಳದೆ ನೆರವಿಗೆ ಧಾವಿಸುವುದೇ ನಿಜವಾದ ಮಾನವೀಯತೆ.