ಕನ್ನಡ ಬೋಲ್ಪಟದ ಪ್ರಥಮ ನಾಯಕ: ಎಂ. ವಿ. ಸುಬ್ಬಯ್ಯನಾಯ್ಡು

ಒಂದು ನಾಡಿನ ನುಡಿಯು ಬೆಳ್ಳಿತೆರೆಯ ಮೇಲೆ ಮೊತ್ತಮೊದಲು ಕೇಳಿಬಂದ ದಿನವು ಆ ನಾಡಿನ ಚರಿತ್ರೆಯಲ್ಲಿ ಸ್ಮರಣಾರ್ಹವಾದುದು. ಕನ್ನಡಕ್ಕೆ ಆ ಸುದಿನವು 1934ನೆಯ ಇಸವಿ ಮಾರ್ಚ್ 3ರಂದು ಒದಗಿತು. ಅಂದು ಬೆಂಗಳೂರು ಸಿಟಿ ಮಾರ್ಕೆಟ್ಟಿನ ಸಮೀಪದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಸತೀ ಸುಲೋಚನಾ ಎಂಬ ಬೋಲ್ಪಟವು ತೆರೆಕಂಡಿತು. ಅದರಲ್ಲಿ ಇಂದ್ರಜಿತುವಿನ ಪಾತ್ರವನ್ನು ಧರಿಸಿ ಕನ್ನಡ ವಾಕ್ಚಿತ್ರಗಳ ಪ್ರಥಮ ನಾಯಕರೆನಿಸಿದವರು ಎಂ. ವಿ. ಸುಬ್ಬಯ್ಯನಾಯ್ಡುರವರು. ಆ ಚಿತ್ರದ ಒಂದು ಪ್ರತಿಯಾದರೂ ಇಂದು ಉಳಿದಿಲ್ಲ. ಅವರ ಹೆಸರನ್ನು ಬಲ್ಲವರು ಅನೇಕರು. ಅವರು ಅಂದು ಆಡಿದ ಮಾತನ್ನು ಕೇಳುವ ಭಾಗ್ಯ ಮಾತ್ರ ಇನ್ನಾರಿಗೂ ಇಲ್ಲ. ಇಂತಹವರ ಜೀವಿತವನ್ನು ಆಗಾಗ ನೆನೆಯುವುದು ನಮ್ಮೆಲ್ಲರ ಕರ್ತವ್ಯವಾಗಿದೆ.

ನಾಯ್ಡುರವರನ್ನು ಸಿನಿಮಾ ನಟರೆಂದು ಕರೆಯುವುದು ಅರ್ಧಸತ್ಯವೇ ಸರಿ. ಅವರು ಮೊದಲಿಗೂ ರಂಗಭೂಮಿಯವರು, ಕಡೆಗೂ ರಂಗಭೂಮಿಯವರು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಮೈಸೂರು ಸೀಮೆಯು ನಾಟಕಕಲೆಗೆ ತವರಾಗಿತ್ತು. ವರದಾಚಾರ್ಯರ ರತ್ನಾವಳಿ ಸಂಸ್ಥೆಯ ಕೀರ್ತಿಯು ಮನೆಮಾತಾಗಿದ್ದಿತು. ಗುಬ್ಬಿಯ ವೀರಣ್ಣನವರ ಸಂಸ್ಥೆಯು ಊರೂರುಗಳಲ್ಲಿ ಮೊಕ್ಕಾಂ ಹೂಡುತ್ತಿದ್ದಿತು. ಮಹಮ್ಮದ್ ಪೀರರು ಗದ್ಯಸಂಭಾಷಣೆಗೆ ಹೊಸ ಗೌರವವನ್ನು ತಂದುಕೊಟ್ಟಿದ್ದರು. ಧ್ವನಿವರ್ಧಕಗಳಿಲ್ಲದ ಆ ಕಾಲದಲ್ಲಿ ಷೆಡ್ಡಿನ ಕಟ್ಟಕಡೆಯಲ್ಲಿ ನೆಲದ ಮೇಲೆ ಕುಳಿತವನ ಕಿವಿಗೂ ಒಂದೊಂದಕ್ಷರ ಸ್ಪಷ್ಟವಾಗಿ ಮುಟ್ಟಬೇಕಾಗಿದ್ದಿತು. ರಾತ್ರಿಯೆಲ್ಲ ಹಾಡಿ, ಮಾತನಾಡಿ, ಮರುದಿನ ಮತ್ತೊಂದು ಪಾತ್ರಕ್ಕೆ ಅಣಿಯಾಗುವ ಕಠಿಣ ಸಾಧನೆಯೇ ನಟನಿಗೆ ಶಾಲೆಯಾಗಿದ್ದಿತು. ಈ ಶಾಲೆಯಲ್ಲಿ ಪಳಗಿದವರು ಸುಬ್ಬಯ್ಯನಾಯ್ಡುರವರು.

ಅವರ ಜೀವನದ ಬಹುಭಾಗವು ಆರ್. ನಾಗೇಂದ್ರರಾಯರ ಸಾಹಚರ್ಯದಲ್ಲಿ ಕಳೆಯಿತು. ಹೊಳಲ್ಕೆರೆಯಲ್ಲಿ ಹುಟ್ಟಿದ ರಾಯರು, ಮೈಸೂರಿನ ನಾಯ್ಡುರವರು, ಇಬ್ಬರೂ ಸೇರಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಲಿಯನ್ನು ಕಟ್ಟಿ ನಡೆಸಿದರು. ಒಂದೇ ಸಂಸ್ಥೆಯಲ್ಲಿ ಇಬ್ಬರು ಸಮರ್ಥ ನಟರು ಬಹುಕಾಲ ಒಟ್ಟಿಗೆ ಬಾಳಿದುದು ನಾಟಕ ಪ್ರಪಂಚದಲ್ಲಿ ಅಪರೂಪದ ಸಂಗತಿ. ಗಲ್ಲಾಪೆಟ್ಟಿಗೆಯ ಲೆಕ್ಕವೂ ಪಾತ್ರಗಳ ಹಂಚಿಕೆಯೂ ಎಷ್ಟು ಸ್ನೇಹಗಳನ್ನು ಕೆಡಿಸಿವೆಯೆಂಬುದನ್ನು ಬಲ್ಲವರು ಈ ಜೋಡಿಯ ಬೆಲೆಯನ್ನು ಅರಿಯಬಲ್ಲರು.

ಬೋಲ್ಪಟವು ಭಾರತಕ್ಕೆ ಕಾಲಿಟ್ಟುದು 1931ರಲ್ಲಿ. ಆ ವರ್ಷವೇ ಹಿಂದಿಯ ಆಲಂ ಆರಾ ಹೊರಬಿದ್ದಿತು; ತಮಿಳಿನ ಕಾಳಿದಾಸ್ ಹಿಂಬಾಲಿಸಿತು. 1932ರಲ್ಲಿ ತೆಲುಗರೂ ಮರಾಠಿಗರೂ ತಮ್ಮ ತಮ್ಮ ಭಾಷೆಯ ಚಿತ್ರಗಳನ್ನು ಕಂಡರು. ಕನ್ನಡಿಗನಾದರೋ ಇನ್ನೂ ಎರಡು ವರ್ಷ ಕಾಯಬೇಕಾಯಿತು. ಕಾರಣ ಗೂಢವಾದುದೇನೂ ಅಲ್ಲ. ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದುಗಳೆಂಬ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಿತು. ಬೋಲ್ಪಟವನ್ನು ತಯಾರಿಸಬಲ್ಲ ಸ್ಟುಡಿಯೊ ಮೈಸೂರು ಸಂಸ್ಥಾನದಲ್ಲಿರಲಿಲ್ಲ. ಬಂಡವಾಳ ಹೂಡುವವರಿಗೆ ಕನ್ನಡ ಚಿತ್ರದಿಂದ ಹಣ ಹಿಂದಿರುಗೀತೆಂಬ ಭರವಸೆಯಿರಲಿಲ್ಲ.

ಈ ಹಿಂಜರಿಕೆಯನ್ನು ಮೀರಿದವರು ಬೆಂಗಳೂರಿನಲ್ಲಿ ನೆಲೆಸಿದ್ದ ಮಾರವಾಡಿ ವರ್ತಕರಾದ ಷಾ ಚಮನಲಾಲ್ ಡೂಂಗಾಜಿಯವರು. ಹಣ ಅವರದು, ನಿರ್ದೇಶನ ವೈ. ವಿ. ರಾಯರದು, ಮಾತು ಹಾಡುಗಳ ರಚನೆ ಬೆಳ್ಳಾವೆ ನರಹರಿಶಾಸ್ತ್ರಿಗಳದು, ಚಿತ್ರ ತೆಗೆದುದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ನಾಯ್ಡುರವರು ಇಂದ್ರಜಿತುವಾದರು, ನಾಗೇಂದ್ರರಾಯರು ರಾವಣರಾದರು, ತ್ರಿಪುರಾಂಬಾರವರು ಸುಲೋಚನೆಯಾದರು. ಸುಮಾರು ಎರಡು ತಿಂಗಳಲ್ಲಿ, ನಲವತ್ತು ಸಾವಿರ ರೂಪಾಯಿಗಳ ವೆಚ್ಚದಲ್ಲಿ ಚಿತ್ರವು ಸಿದ್ಧವಾಯಿತೆಂದೂ ಬೆಂಗಳೂರಿನಲ್ಲಿ ಆರು ವಾರ ನಡೆಯಿತೆಂದೂ ಚರಿತ್ರಕಾರರು ದಾಖಲಿಸಿದ್ದಾರೆ. ಬಂಡವಾಳವೂ ಯಂತ್ರವೂ ಹೊರಗಿನವಾಗಿದ್ದರೂ ಚಿತ್ರಕ್ಕೆ ಬೇಕಾದ ಮಾತು, ಹಾಡು, ಅಭಿನಯ ಇವು ಮೂರೂ ಕನ್ನಡ ರಂಗಭೂಮಿಯಲ್ಲಿ ಆಗಲೇ ಸಿದ್ಧವಾಗಿದ್ದುವು. ನಾಟಕದ ಕಂಪೆನಿಗಳು ಇಲ್ಲದಿದ್ದಲ್ಲಿ ನಮ್ಮ ಬೋಲ್ಪಟದ ಜನನವು ಮತ್ತಷ್ಟು ತಡವಾಗುತ್ತಿದ್ದಿತೆಂಬುದು ನಿರ್ವಿವಾದ.

ಯಶಸ್ಸು ಲಭಿಸಿದ ಮೇಲೆ ನಾಯ್ಡುರವರು ನಾಟಕವನ್ನು ತೊರೆದು ಸ್ಟುಡಿಯೊಗಳ ಬಾಗಿಲಲ್ಲಿ ನಿಲ್ಲಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮಂಡಲಿಯನ್ನು ಬಿಡದೆ, ಮಂಡಲಿಯ ನಾಟಕಗಳನ್ನೇ ತೆರೆಗೆ ಕೊಂಡೊಯ್ದರು. ಅವರ ಭೂಕೈಲಾಸ ನಾಟಕದ ಖ್ಯಾತಿಯು ಕನ್ನಡ ಸೀಮೆಯನ್ನು ದಾಟಿ ಮೇಯಪ್ಪ ಚೆಟ್ಟಿಯಾರರ ಕಿವಿಗೆ ಬಿದ್ದಿತು. 1940ರಲ್ಲಿ ಸುಂದರರಾವ್ ನಾಡಕರ್ಣಿಯವರ ನಿರ್ದೇಶನದಲ್ಲಿ ಅದು ಚಿತ್ರವಾಯಿತು, ನಾಯ್ಡುರವರೇ ರಾವಣರು. ಆದರೆ ಚಿತ್ರದ ಭಾಷೆ ತೆಲುಗು! ಕನ್ನಡ ಮಂಡಲಿಯೊಂದು ಬೆಳೆಸಿದ ನಾಟಕವು ಮಾರುಕಟ್ಟೆಯ ಒತ್ತಾಯಕ್ಕೆ ಮಣಿದು ಪರಭಾಷೆಯ ಉಡುಪನ್ನು ತೊಡಬೇಕಾಯಿತು. ಮರುವರ್ಷ ವಸಂತಸೇನೆಯಲ್ಲಿ ಚಾರುದತ್ತನಾಗಿ ಅವರು ಮತ್ತೆ ಕನ್ನಡದಲ್ಲಿ ಕಾಣಿಸಿಕೊಂಡರು.

1943ರ ಸತ್ಯ ಹರಿಶ್ಚಂದ್ರ ಅವರ ಜೀವಿತದ ಮತ್ತೊಂದು ಮೈಲಿಗಲ್ಲು. ನಾಗೇಂದ್ರರಾಯರು ನಿರ್ದೇಶಿಸಿದ ಈ ಚಿತ್ರದಲ್ಲಿ ಹರಿಶ್ಚಂದ್ರನ ಪಾತ್ರ ನಾಯ್ಡುರವರದು. ಚೆಟ್ಟಿಯಾರರು ಇದರ ದೃಶ್ಯಗಳನ್ನು ಹಾಗೆಯೇ ಇರಿಸಿಕೊಂಡು, ನಟರ ತುಟಿಗಳ ಚಲನೆಗೆ ಹೊಂದುವಂತೆ ತಮಿಳು ಮಾತುಗಳನ್ನು ಜೋಡಿಸಿ 1944ರಲ್ಲಿ ತಮಿಳುನಾಡಿನಲ್ಲಿ ಪ್ರದರ್ಶಿಸಿದರು. ಮರುದನಿ ಕೂಡಿಸಿದ ಭಾರತೀಯ ಚಿತ್ರಗಳಲ್ಲಿ ಇದನ್ನು ಮೊದಲನೆಯದೆಂದು ಎಣಿಸುತ್ತಾರೆ. ತುಟಿ ಆಡಿದುದು ಕನ್ನಡ, ಕಿವಿಗೆ ಬಿದ್ದುದು ತಮಿಳು. ಅಭಿನಯವು ಭಾಷೆಯ ಗಡಿಯನ್ನು ದಾಟಬಲ್ಲದೆಂಬುದಕ್ಕೆ ಅವರ ಹರಿಶ್ಚಂದ್ರನು ಸಾಕ್ಷಿಯಾದನು. 1947ರಲ್ಲಿ ಮಹಾತ್ಮ ಕಬೀರ್ ಬಂದಿತು. ಅದರಲ್ಲಿಯೂ ಈ ಜೋಡಿಯ ಕೈವಾಡವಿದ್ದಿತು.

ಅಷ್ಟರಲ್ಲಿ ಕಾಲವು ಬದಲಾಯಿಸುತ್ತಿದ್ದಿತು. ಚಿತ್ರಮಂದಿರಗಳು ಹೆಚ್ಚಿದಷ್ಟೂ ನಾಟಕದ ಷೆಡ್ಡುಗಳು ಬರಿದಾದುವು. ಒಂದು ರಾತ್ರಿಯ ನಾಟಕಕ್ಕೆ ಹತ್ತಾರು ಮಂದಿಯ ಅನ್ನವೂ ಪರದೆಗಳ ಸಾಗಾಣಿಕೆಯೂ ಬೇಕು. ಸಿನಿಮಾಕ್ಕೆ ಒಂದು ಡಬ್ಬಿ ಸುರುಳಿ ಸಾಕು. ನಾಗೇಂದ್ರರಾಯರು 1953ರಲ್ಲಿ ಜಾತಕಫಲ ಚಿತ್ರದ ಮೂಲಕ ಸಿನಿಮಾ ನಿರ್ಮಾಣದಲ್ಲಿ ಸ್ವತಂತ್ರವಾದ ದಾರಿಯನ್ನು ಹಿಡಿದರು. ನಾಯ್ಡುರವರು ಮಂಡಲಿಯ ಭಾರವನ್ನು ಹೊತ್ತು ಮುಂದುವರಿದರು. ತಾವು ಮೊದಲ ಬಾರಿಗೆ ಕನ್ನಡಿಗರಿಗೆ ಪರಿಚಯಿಸಿದ ಯಂತ್ರವೇ ತಮ್ಮ ಮನೆಯ ದೀಪವನ್ನು ಕುಂದಿಸುತ್ತಿರುವುದನ್ನು ನೋಡುತ್ತ ದುಡಿಯಬೇಕಾದ ಪಾಡು ಅವರದಾಯಿತು.

ಆದರೆ ಆ ಛಲವು ವ್ಯರ್ಥವಾಗಲಿಲ್ಲ. ಆ ಮಂಡಲಿಯಲ್ಲಿ ದುಡಿದ ತರುಣರಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜನೂ ಒಬ್ಬನು. 1954ರ ಬೇಡರ ಕಣ್ಣಪ್ಪ ಚಿತ್ರದಿಂದ ಅವನೇ ರಾಜಕುಮಾರನೆಂದು ನಾಡಿಗೆ ಪರಿಚಿತನಾದುದನ್ನು ವಾಚಕರಿಗೆ ತಿಳಿಸಬೇಕಾದ ಅಗತ್ಯವಿಲ್ಲ. 1958ರಲ್ಲಿ ಭೂಕೈಲಾಸವು ಕೊನೆಗೆ ಕನ್ನಡದಲ್ಲಿಯೇ ಚಿತ್ರವಾದಾಗ ರಾವಣನ ಪಾತ್ರವನ್ನು ವಹಿಸಿದವರು ಆ ರಾಜಕುಮಾರರು. ಅದೇ ವರ್ಷ ನಾಯ್ಡುರವರು ಕೈಗೊಂಡ ಭಕ್ತ ಪ್ರಹ್ಲಾದ ಚಿತ್ರದಲ್ಲಿ ಅವರ ಕಿರಿವಯಸ್ಸಿನ ಮಗ ಲೋಕೇಶ್ ಪ್ರಹ್ಲಾದನಾದರು. ಮುಂದೆ ಭೂತಯ್ಯನ ಮಗ ಅಯ್ಯು, ಪರಸಂಗದ ಗೆಂಡೆತಿಮ್ಮ ಮೊದಲಾದ ಚಿತ್ರಗಳಲ್ಲಿ ಹಳ್ಳಿಗಾಡಿನ ಮನುಷ್ಯನನ್ನು ಸಹಜವಾಗಿ ಚಿತ್ರಿಸಿ ಲೋಕೇಶ್ ತಂದೆಗೆ ತಕ್ಕ ಮಗನೆನಿಸಿದರು. ಆ ಬೆಳೆಯನ್ನು ಕಾಣುವ ಮುನ್ನವೇ, 1962ರಲ್ಲಿ, ಸುಬ್ಬಯ್ಯನಾಯ್ಡುರವರು ಕಣ್ಮುಚ್ಚಿದರು.

ನಟನ ಕಲೆಗೆ ಕಲ್ಲಿನ ಆಯುಷ್ಯವಿಲ್ಲ. ಶಿಲ್ಪಿಗೂ ಕವಿಗೂ ದೊರೆಯುವ ಬಾಳಿಕೆ ಅವನಿಗೆ ದೊರೆಯದು. ಈ ಕೊರತೆಯನ್ನು ನೀಗಿಸುವುದೆಂದು ಜನರು ನಂಬಿದುದು ಸಿನಿಮಾವನ್ನು. ಆದರೆ ಆ ಕಾಲದ ಸುರುಳಿಗಳು ಬೇಗನೆ ಬೆಂಕಿಗೆ ತುತ್ತಾಗುವ, ಶೆಕೆಗೂ ತೇವಕ್ಕೂ ಕೊಳೆಯುವ ಪದಾರ್ಥದಿಂದ ಆಗಿದ್ದುವು. ಪ್ರದರ್ಶನ ಮುಗಿದ ಸುರುಳಿಗಳನ್ನು ಅವುಗಳಲ್ಲಿನ ಬೆಳ್ಳಿಯ ಆಸೆಗೆ ಕರಗಿಸಿದುದೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರವು ಸ್ಥಾಪಿತವಾದುದು 1964ರಲ್ಲಿ, ನಾಯ್ಡುರವರು ತೀರಿಕೊಂಡು ಎರಡು ವರ್ಷಗಳಾದ ಮೇಲೆ. ಅಷ್ಟು ಹೊತ್ತಿಗೆ ಮೊದಲ ತಲೆಮಾರಿನ ಎಷ್ಟೋ ಚಿತ್ರಗಳು ನಾಶವಾಗಿದ್ದುವು.

ಕಳೆದುದು ಮರಳಿ ಬಾರದು. ಉಳಿದುದನ್ನಾದರೂ ಕಾಯುವುದು ಸಾಧ್ಯ. ಹಳೆಯ ನಾಟಕ ಕಂಪೆನಿಗಳ ಕರಪತ್ರಗಳು, ಹಸ್ತಪ್ರತಿಗಳು, ಲೆಕ್ಕದ ಪುಸ್ತಕಗಳು, ಭಾವಚಿತ್ರಗಳು, ಗ್ರಾಮಫೋನ್ ತಟ್ಟೆಗಳು ಎಷ್ಟೋ ಮನೆಗಳ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿರಬಹುದು. ಅವುಗಳನ್ನು ಹುಡುಕಿ ಒಂದೆಡೆ ಕೂಡಿಸುವ ಕೆಲಸಕ್ಕೆ ಸರ್ಕಾರವೂ ವಿಶ್ವವಿದ್ಯಾನಿಲಯಗಳೂ ಚಿತ್ರೋದ್ಯಮದ ಶ್ರೀಮಂತರೂ ಕೈಹಾಕಬೇಕು. ಕನ್ನಡಕ್ಕೆ ತೆರೆಯ ಮೇಲೆ ಮಾತು ಕಲಿಸಿದವರಿಗೆ ಹಾರ ತುರಾಯಿಗಳಿಗಿಂತ ಈ ಕೆಲಸವೇ ತಕ್ಕ ಸ್ಮಾರಕವಾದೀತು.